ದಿಮ್ಮಿಯ ಸುತ್ತು, ನಾಟಾದ ಲೆಕ್ಕ



ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯಲ್ಲಿ, ಗೋವೆಯ ಘಟ್ಟ ಇಳಿಯುವ ಮೊದಲು ಸಿಗುವ ನಮ್ಮ ಕಡೆಯ ಊರು ಜೊಯಿಡಾ ತಾಲೂಕಿನ ಅನಮೋಡ. ಇಲ್ಲಿ ಚೆಕ್‌ಪೋಸ್ಟ್ ಇದೆ. ನಾಟಾ ತುಂಬಿದ ಲಾರಿಯನ್ನು ಗಡಿಯಲ್ಲಿ ತಡೆದು ನೋಡುವಾಗ ದಿಮ್ಮಿ ಎಣಿಸಿದರೆ ಸಾಲದು. ಒಂದೊಂದರ ಘನ ಅಳತೆಯೂ ಪಾಸಿನೊಂದಿಗೆ ತಾಳೆಯಾಗಬೇಕು. ದಾಂಡೇಲಿಯ ಡಿಪೋದಲ್ಲಿ ಹರಾಜಾಗುವ ಸಾಗವಾನಿಗೂ ಬೇಕಾಗುವುದು ಇದೇ ಅಳತೆ.

ದಿಮ್ಮಿ ಎಂದರೆ ಶಾಲೆಯ ಪುಸ್ತಕದ ಸಿಲಿಂಡರೇ. ತ್ರಿಜ್ಯದ ವರ್ಗವನ್ನು ಪೈಯಿಂದಲೂ ಉದ್ದದಿಂದಲೂ ಗುಣಿಸಬೇಕು. ಆದರೆ ಮರ ಎಂದೂ ಅಪ್ಪಟ ದುಂಡಗಿರುವುದಿಲ್ಲ, ತ್ರಿಜ್ಯ ಹಿಡಿಯುವುದು ಎಲ್ಲಿಂದ? ಅದಕ್ಕೇ ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ. ಬುಡ ದಪ್ಪ, ತುದಿ ಸಪೂರ. ಹಾಗಾಗಿ ದಿಮ್ಮಿಯ ನಡುವಿನಲ್ಲಿ.

ಸುತ್ತಳತೆ 1.2 ಮೀಟರ್, ಉದ್ದ 4 ಮೀಟರ್ ಎನ್ನಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ, 5.76 ಬಂತು. ಅದನ್ನು ಪೈಯ ನಾಲ್ಕರಷ್ಟರಿಂದ, ಅಂದರೆ 12.57ರಿಂದ ಭಾಗಿಸಿದರೆ ಸುಮಾರು 0.46 ಘನ ಮೀಟರ್. ಇದು ದಿಮ್ಮಿಯ ನಿಜವಾದ ಗಾತ್ರ.

ನಾಟಾ ವ್ಯಾಪಾರದ ಹಳೆಯ ರೂಢಿ ಬೇರೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು. 0.3ರ ವರ್ಗ 0.09, ನಾಲ್ಕು ಮೀಟರಿಗೆ 0.36. ನೂರರಲ್ಲಿ ಇಪ್ಪತ್ತೊಂದೂವರೆ ಪಾಲು ಎಲ್ಲಿ ಹೋಯಿತು? ಇಷ್ಟೇ: ದುಂಡು ದಿಮ್ಮಿಯನ್ನು ಅಷ್ಟೇ ಸುತ್ತಿನ ಚೌಕ ತೊಲೆ ಎಂದು ಎಣಿಸಿದ್ದೇವೆ. ಒಂದೇ ಉದ್ದದ ಹಗ್ಗ ಸುತ್ತಿದಾಗ ವೃತ್ತದಷ್ಟು ಜಾಗ ಬೇರೆ ಯಾವ ಆಕಾರವೂ ಹಿಡಿಯುವುದಿಲ್ಲ. ಇಂಗ್ಲಿಷ್ ಸರ್ವೇಯರ್ ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಈ ಲೆಕ್ಕಕ್ಕೆ ಅವನ ಹೆಸರು ಅಂಟಿತು.

ನಮ್ಮವರಿಗೆ ವೃತ್ತದ ಲೆಕ್ಕ ತಿಳಿಯದೆ ಇದು ಬಂತು ಎಂದುಕೊಳ್ಳಬೇಡಿ. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಸೂಕ್ಷ್ಮ ಲೆಕ್ಕಕ್ಕೆ 3927ನ್ನು 1250ರಿಂದ, ವ್ಯವಹಾರಕ್ಕೆ 22ನ್ನು 7ರಿಂದ ಭಾಗಿಸಿ ಎಂದಿದ್ದಾರೆ. ಮರ ಕೊಯ್ಯುವ ಲೆಕ್ಕಕ್ಕೆ ‘ಕ್ರಕಚ ವ್ಯವಹಾರ’ ಎಂಬ ಪ್ರಕರಣವೇ ಅಲ್ಲಿದೆ.

ಹಾಗಾದರೆ ಹಾಪಸ್ ಲೆಕ್ಕ ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ಗರಗಸಕ್ಕೆ ಕೊಟ್ಟಾಗ ಅಂಚಿನ ಹಲಗೆ, ಹೊಟ್ಟು ಹೇಗೂ ಹೋಗುತ್ತವೆ. ನಮ್ಮ ದಿಮ್ಮಿಯಿಂದ ಒಂದೇ ಚೌಕ ತೊಲೆ ತೆಗೆದರೆ ಅದರ ಬದಿ ಹೆಚ್ಚೆಂದರೆ 27 ಸೆಂಟಿಮೀಟರ್, ಗಾತ್ರ 0.29 ಘನ ಮೀಟರ್. ಕೊಳ್ಳುವವ, ಮಾರುವವ ಇಬ್ಬರೂ ಒಂದೇ ಸೂತ್ರ ಹಿಡಿದಿರುವ ತನಕ ತಕರಾರಿಲ್ಲ. ರೈತನಿಂದ ಕೊಳ್ಳುವಾಗ ನಾಲ್ಕರ ಲೆಕ್ಕ, ಮುಂದೆ ಮಾರುವಾಗ ಪೈ ಲೆಕ್ಕ ಹಾಕಿದರೆ ಮಾತ್ರ ಅದು ಮೋಸ.

ಇದಕ್ಕಿಂತ ದೊಡ್ಡ ಅಪಾಯ ಟೇಪಿನಲ್ಲಿದೆ. ಉದ್ದ ನೂರಕ್ಕೆ ಐದು ತಪ್ಪಿದರೆ ಗಾತ್ರವೂ ಐದೇ ತಪ್ಪುತ್ತದೆ. ಸುತ್ತಳತೆ ಐದು ಹೆಚ್ಚಾದರೆ ವರ್ಗದ ಕಾರಣಕ್ಕೆ ಗಾತ್ರ ಹತ್ತರ ಮೇಲೆ ಏರುತ್ತದೆ. ಟೇಪು ಓರೆಯಾಗಿ ಕೂತರೂ, ಸಡಿಲವಾದರೂ, ಗಂಟಿನ ಮೇಲೆ ಹಾದರೂ ಅಷ್ಟಾಗಲು ಸಾಕು.

ಹಿತ್ತಲಿನ ಹಲಸನ್ನೋ ಸಾಗವಾನಿಯನ್ನೋ ಮಾರುವವರು ದರ ಮಾತಾಡುವ ಮೊದಲು ಯಾವ ಸೂತ್ರ ಎಂದು ಕೇಳಿ. ಟೇಪು ಸುತ್ತುವಾಗ ಹತ್ತಿರವೇ ನಿಂತು ನೋಡಿ.