ಹತ್ತು ನಿಮಿಷಗಳಿಂದ ಆರಂಭಿಸೋಣ
(ಗದಗ ಜಿಲ್ಲೆಯ ಸಮುದಾಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಶಿಕ್ಷಣ, ಮೀಸಲಾತಿ, ವಕ್ಫ್ ಆಸ್ತಿ ಮುಂತಾದ ವಿಷಯಗಳ ಕುರಿತು ನಮ್ಮ ಸಭೆಗಳಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ, ಆಗಲೇಬೇಕು. ಆದರೆ ಆ ಹೋರಾಟಗಳನ್ನು ನಡೆಸಬೇಕಾದ ಶರೀರದ ಬಗ್ಗೆ ನಾವು ಮಾತನಾಡುವುದು ಆಸ್ಪತ್ರೆಯ ವರಾಂಡದಲ್ಲಿ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ ಇನ್ನೂ 13.6 ಕೋಟಿ ಮಂದಿ ಆ ರೋಗದ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಮರುವರ್ಷ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಸರಿಸುಮಾರು ಅರ್ಧದಷ್ಟು ಜನರ ಶರೀರಕ್ಕೆ ಸಾಕಷ್ಟು ಚಲನೆಯಿಲ್ಲ. ಪುರುಷರಲ್ಲಿ ಇದು ಶೇ. 42, ಮಹಿಳೆಯರಲ್ಲಿ ಶೇ. 57. ಈ ಅಂತರವೇಕೆ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ವ್ಯಾಯಾಮ ನಮಗೆ ಹೊರಗಿನಿಂದ ಬಂದ ಫ್ಯಾಶನ್ ಅಲ್ಲ. ಉತ್ತರ ಕರ್ನಾಟಕದ ಓಣಿಗಳಲ್ಲಿ ಗರಡಿ ಮನೆಗಳೂ ತಾಲೀಮುಗಳೂ ಇದ್ದವು. ಎಲ್ಲ ಜಾತಿ ಮತಗಳ ಯುವಕರು ಒಂದೇ ಕೆಮ್ಮಣ್ಣಿನಲ್ಲಿ ಸಾಮು ತೆಗೆಯುತ್ತಿದ್ದರು. ಉಸ್ತಾದರು ಹೊಸಬನನ್ನು ಮೊದಲ ದಿನವೇ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಕೆಲವು ದಿನ ಮಣ್ಣು ಹದಮಾಡಿಸಿ, ಐದಾರು ಬಸ್ಕಿ ಹೊಡೆಸಿ ಕಳುಹಿಸುತ್ತಿದ್ದರು. ಇಂದಿನ ಜಿಮ್‌ಗಳಲ್ಲಿ ಮರೆಯಾಗಿರುವುದು ಈ ತಾಳ್ಮೆಯೇ. ಮೊದಲ ದಿನ ಅತಿಯಾಗಿ ಭಾರ ಎತ್ತಿ, ಮೂರನೆಯ ದಿನ ಮೈಕೈ ನೋವಿನಿಂದ ಹಾಸಿಗೆ ಹಿಡಿದು, ನಾಲ್ಕನೆಯ ದಿನ ಶಾಶ್ವತವಾಗಿ ಬಿಟ್ಟವರನ್ನು ನಾವೆಲ್ಲರೂ ನೋಡಿದ್ದೇವೆ.

ಬೆಟಗೇರಿಯಂತಹ ನೇಕಾರರ ಊರಿನಲ್ಲಿ ‘ನಾವು ದಿನವಿಡೀ ದುಡಿಯುತ್ತೇವೆ, ನಮಗೇಕೆ ವ್ಯಾಯಾಮ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮುಂಡರಗಿಯ ಹೊಲದಲ್ಲಿ ಕಳೆ ತೆಗೆಯುವ ತಾಯಿಗೆ ವಾಕಿಂಗ್ ಹೋಗೆನ್ನುವುದು ಅಪಹಾಸ್ಯವಾದೀತು, ಆಕೆಗೆ ಬೇಕಾಗಿರುವುದು ವಿಶ್ರಾಂತಿ ಮತ್ತು ಒಳ್ಳೆಯ ಊಟ. ಆದರೆ ಅಂಗಡಿಯ ಗಲ್ಲೆಯ ಮುಂದೆ ಹನ್ನೆರಡು ತಾಸು ಕುಳಿತವರ, ಹೊಲಿಗೆ ಯಂತ್ರದ ಮೇಲೆ ಬಾಗಿದವರ, ಆಟೋ ಓಡಿಸುವವರ ದಣಿವು ಬೇರೆ. ಅಲ್ಲಿ ಬೆನ್ನು ಸೋಲುತ್ತದೆ, ಹೃದಯಕ್ಕೆ ಕೆಲಸವೇ ಸಿಗುವುದಿಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಲಂಡನ್ ಸಾರಿಗೆ ಬಸ್ಸುಗಳ ನೌಕರರ ಕುರಿತು ತಮ್ಮ ಅಧ್ಯಯನ ಪ್ರಕಟಿಸಿದರು. ಒಂದೇ ಬಸ್ಸು, ಹೆಚ್ಚು ಕಡಿಮೆ ಒಂದೇ ವರ್ಗದ ಜನ. ಕುಳಿತೇ ಇರುವ ಚಾಲಕರಿಗಿಂತ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿ ಇಳಿಯುವ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ನಮ್ಮ ಗದಗ-ಹುಬ್ಬಳ್ಳಿ ಬಸ್ಸಿನಲ್ಲಿ ಮಹಡಿಯಿಲ್ಲ, ಆದರೆ ಪಾಠ ಅದೇ.

ಹಾಗಾದರೆ ಎಂದೂ ವ್ಯಾಯಾಮ ಮಾಡದವರು ಎಲ್ಲಿಂದ ಆರಂಭಿಸಬೇಕು? ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಈ ಸಂಖ್ಯೆಯನ್ನು ಕೇಳಿಯೇ ಹಲವರು ಹಿಂದೆ ಸರಿಯುತ್ತಾರೆ. ಆದರೆ ಅದೇ ಸೂಚನೆಯಲ್ಲಿ, ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದೂ ಲಾಭದಾಯಕವೆಂಬ ಅಂಶವಿದೆ. ಆದುದರಿಂದ ಮೊದಲ ವಾರ ಹತ್ತು ನಿಮಿಷದ ನಡಿಗೆ ಸಾಕು. ಫಜ್ರ್ ನಮಾಝ್ ಮುಗಿಸಿ ಮರಳಿ ಚಾದರ ಹೊದ್ದು ಮಲಗುವವರೇ ನಮ್ಮಲ್ಲಿ ಅಧಿಕ. ಮಸೀದಿಯಿಂದ ಮನೆಗೆ ನೇರ ದಾರಿಯನ್ನು ಬಿಟ್ಟು ಸುತ್ತು ದಾರಿಯಲ್ಲಿ ಬನ್ನಿ, ಹತ್ತು ನಿಮಿಷವಾಗುತ್ತದೆ. ಮುಂದಿನ ವಾರ ಎರಡು ಮೂರು ನಿಮಿಷ ಕೂಡಿಸಿ. ಎರಡು ಮೂರು ತಿಂಗಳಲ್ಲಿ ಅರ್ಧ ತಾಸು ತಾನಾಗಿಯೇ ಒಗ್ಗುತ್ತದೆ.

ಗತಿಯನ್ನು ಅಳೆಯಲು ಕೈಗಡಿಯಾರ ಬೇಡ. ನಡೆಯುವಾಗ ಜೊತೆಗಾರನೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದೇ ಮಧ್ಯಮ ಗತಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂಬ ಹಟವೂ ಅನಗತ್ಯ. ಆ ಸಂಖ್ಯೆ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. 2019ರಲ್ಲಿ ಪ್ರಕಟವಾದ, ಅಮೆರಿಕದ ವಯೋವೃದ್ಧ ಮಹಿಳೆಯರ ಕುರಿತ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. ಕಪ್ಪತಗುಡ್ಡವನ್ನು ಹತ್ತುವವರು ಹತ್ತಲಿ, ಉಳಿದವರಿಗೆ ಊರ ರಸ್ತೆಯೇ ಸಾಕು.

ನಡಿಗೆಯೊಂದರಿಂದ ಸ್ನಾಯುಗಳಿಗೆ ಪೂರ್ಣ ಬಲ ಬರುವುದಿಲ್ಲ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಎಂಟ್ಹತ್ತು ಬಾರಿ ಎದ್ದು ಕುಳಿತುಕೊಳ್ಳಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಮೊಣಕಾಲು ನೋವೆಂದು ನಮಾಝನ್ನು ಕುರ್ಚಿಯ ಮೇಲೆ ಮಾಡುವವರ ಸಾಲು ನಮ್ಮ ಮಸೀದಿಗಳಲ್ಲಿ ಬೆಳೆಯುತ್ತಿದೆ. ತೊಡೆಯ ಸ್ನಾಯು ಬಲಗೊಂಡರೆ ಎಷ್ಟೋ ಮಂದಿಯ ಮೊಣಕಾಲಿನ ಭಾರ ಇಳಿದೀತು.

ಕೆಲವು ಎಚ್ಚರಿಕೆಗಳು ಅತ್ಯಗತ್ಯ. ನಡೆಯುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಕೂರಬಾರದು. ಹೃದ್ರೋಗವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ಇನ್ಸುಲಿನ್ ತೆಗೆದುಕೊಳ್ಳುವವರ ರಕ್ತದ ಸಕ್ಕರೆ ಶ್ರಮದಿಂದ ಏಕಾಏಕಿ ಇಳಿಯಬಹುದು. ಜೇಬಿನಲ್ಲಿ ಸಕ್ಕರೆ ಇರಲಿ. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು, ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎಂಟು ಗಂಟೆಯ ನಂತರ ಹೊರಗಿನ ವ್ಯಾಯಾಮ ಬೇಡ.

ಇನ್ನು ಮಹಿಳೆಯರ ವಿಷಯ. ಇದನ್ನು ತುಸು ಕಟುವಾಗಿಯೇ ಹೇಳಬೇಕಾಗಿದೆ. ಗಂಡಸರಿಗೆ ಮೈದಾನವಿದೆ, ರಸ್ತೆಯಿದೆ, ಚಹಾದಂಗಡಿಯವರೆಗಾದರೂ ನಡೆಯುವ ನೆಪವಿದೆ. ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಬುರ್ಖಾ ತೊಟ್ಟು ಬಿರುಸಾಗಿ ನಡೆದರೆ ‘ಎಲ್ಲಿಗೆ ಹೊರಟಳು?’ ಎಂದು ಓಣಿಯೇ ಕಣ್ಣರಳಿಸುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ತರಲು ಹೋದರೆ ಯಾರೂ ಕೇಳುವುದಿಲ್ಲ, ಆ ಕಾಯಿಲೆ ಬಾರದಿರಲೆಂದು ನಡೆದರೆ ಕೇಳುತ್ತಾರೆ! ಪ್ರವಾದಿ ಮುಹಮ್ಮದರು(ಸ) ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಒಮ್ಮೆ ಆಯಿಶಾ ಗೆದ್ದರು, ಕಾಲಾನಂತರ ಪ್ರವಾದಿಯವರು ಗೆದ್ದರು. ಆದುದರಿಂದ ಈ ತಡೆಗೆ ಧರ್ಮದ ಹೆಸರನ್ನು ಎಳೆದು ತರುವುದು ಬೇಡ, ಅದು ನಮ್ಮ ಸಂಕೋಚದ ಫಲ.

ನಗರಾಡಳಿತವೂ ಹೊಣೆಯಿಂದ ಮುಕ್ತವಲ್ಲ. ಪಾದಚಾರಿ ಮಾರ್ಗವಿಲ್ಲದ, ಚರಂಡಿಯ ಚಪ್ಪಡಿ ಮುರಿದುಬಿದ್ದ ಬಡಾವಣೆಗಳಲ್ಲಿ ವಯಸ್ಸಾದ ತಾಯಂದಿರು ಎಲ್ಲಿ ನಡೆಯಬೇಕು? ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ಸಮುದಾಯ ಭವನದ ಬೇಡಿಕೆಯಿಡುವ ನಾವು ಒಂದು ಉದ್ಯಾನ, ಒಂದು ಬೀದಿದೀಪ ಕೇಳಿದ್ದು ಎಷ್ಟು ಸಲ? ಅದಕ್ಕಾಗಿ ಕಾಯುವ ಅಗತ್ಯವೂ ಇಲ್ಲ. ನಮ್ಮ ಶಾದಿ ಮಹಲ್‌ಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಂಜುಮನ್ ಸಮಿತಿಗಳವರು, ಜಮಾಅತ್‌ಗಳವರು ಇಲ್ಲಿದ್ದೀರಿ. ಬೆಳಿಗ್ಗೆ ಒಂದು ತಾಸು ಆ ಸಭಾಂಗಣವನ್ನು ಮಹಿಳೆಯರಿಗಾಗಿ ತೆರೆಯಿರಿ, ಕೀಲಿಕೈ ಅವರ ಬಳಿಯೇ ಇರಲಿ. ಇದಕ್ಕೆ ಖರ್ಚೇನೂ ಇಲ್ಲ.

ರಮಝಾನಿನಲ್ಲಿ ಏನು ಮಾಡಬೇಕೆಂದು ಸಭೆಗೆ ಮುನ್ನ ಒಬ್ಬರು ಕೇಳಿದರು. ಉಪವಾಸದ ಹಗಲಿನಲ್ಲಿ ಕಠಿಣ ಶ್ರಮ ಬೇಡ. ಇಫ್ತಾರ್‌ಗೆ ಸ್ವಲ್ಪ ಮೊದಲು ನಿಧಾನ ನಡಿಗೆ, ಇಲ್ಲವೇ ಇಫ್ತಾರ್ ಮುಗಿಸಿ ತಾಸೊಂದು ಬಿಟ್ಟು ನಡೆಯಬಹುದು. ತರಾವೀಹ್ ನಿಲ್ಲುವವರಿಗೆ ಅದೇ ಒಂದಷ್ಟು ವ್ಯಾಯಾಮ. ಮಧುಮೇಹಕ್ಕೆ ಔಷಧ ಸೇವಿಸುವವರು ಉಪವಾಸ ಆರಂಭವಾಗುವ ಒಂದೆರಡು ತಿಂಗಳು ಮುಂಚೆಯೇ ವೈದ್ಯರಲ್ಲಿ ಔಷಧದ ಹೊತ್ತನ್ನೂ ಪ್ರಮಾಣವನ್ನೂ ಗೊತ್ತುಮಾಡಿಕೊಳ್ಳಬೇಕು. ಉಳಿದ ಪ್ರಶ್ನೆಗಳನ್ನು ಈಗ ಕೇಳಬಹುದು. ಸಹೋದರಿಯರ ಚೀಟಿಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ.