ಹಳೇ ಲೆಕ್ಕ, ಹೊಸ ವ್ಯವಸ್ಥೆ



ಬೆಳ್ಳಿಹಬ್ಬದ ಈ ದಿನ ಲೆಕ್ಕದ ಮಾತು ಒಂದಿದೆ. ಕಂಪ್ಯೂಟರಿನ ಹಳೇ ಸಾಫ್ಟ್‌ವೇರ್ ಸಾಕೋ, ಹೊಸದು ಬೇಕೋ ಅಂತ ನೀವು ಕೇಳ್ತಾ ಇದ್ದೀರಿ.

ಹಳೆಯದು ನಮ್ಮ ಕೈಗೆ ಒಗ್ಗಿದೆ, ನಿಜ. ಆದರೆ ಬೆಳೆಸಾಲ ಒಂದು ಕಡೆ, ಗೊಬ್ಬರದ ದಾಸ್ತಾನು ಇನ್ನೊಂದು ಕಡೆ, ಕೂಡಿಸೋದು ಕೈಯಲ್ಲೇ. ಅದರ ಒಳಗುಟ್ಟು ಬಲ್ಲವರು ನಮ್ಮಲ್ಲಿ ಒಬ್ಬರೇ. ಅವರು ರಜೆ ಹಾಕಿದರೆ ಲೆಕ್ಕಕ್ಕೂ ರಜೆ!

ಕೇಂದ್ರ ಸರ್ಕಾರ 2022ರ ಜೂನ್ 29ರಂದು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರ ಇ.ಆರ್.ಪಿ. ವ್ಯವಸ್ಥೆಯಲ್ಲಿ ಸಾಲ, ಠೇವಣಿ, ದಾಸ್ತಾನು ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತವೆ.

ಬದಲಾಯಿಸೋಣ, ಅವಸರ ಬೇಡ. ಹಳೇ ಖಾತೆಯ ತಪ್ಪು ಹೊಸದಕ್ಕೂ ಹಾಗೇ ಹೋಗುತ್ತದೆ. ತೀರಿಸಿದ ಸಾಲ ಬಾಕಿ ಅಂತ ತೋರಿಸಿದರೆ ಆ ರೈತನಿಗೆ ಮುಂಗಾರಿನ ಸಾಲ ಸಿಗೋಲ್ಲ. ಆದ್ದರಿಂದ ಪ್ರತಿಯೊಬ್ಬ ಸದಸ್ಯರೂ ಪಾಸ್‌ಬುಕ್ ತಂದು ಖಾತೆಯೊಡನೆ ತಾಳೆ ನೋಡಿಸಬೇಕೆಂದು ವಿನಂತಿ. ಕೆಲವು ತಿಂಗಳು ಎರಡೂ ಜೊತೆಗೆ ನಡೆಯಲಿ, ಸಿಬ್ಬಂದಿಯೆಲ್ಲ ಕಲಿಯಲಿ. ಎರಡೂ ಲೆಕ್ಕ ಪೈಸೆಗೆ ಪೈಸೆ ಕೂಡಿದ ದಿನ ಹಳೆಯದಕ್ಕೆ ಕೈ ಮುಗಿಯೋಣ.

ಯಂತ್ರ ಯಾವುದಾದರೂ ದುಡ್ಡು ನಿಮ್ಮದು, ತೀರ್ಮಾನವೂ ಮಹಾಸಭೆಯಲ್ಲಿ ನಿಮ್ಮದೇ.