ಶಾಲಾ ಗ್ರಂಥಾಲಯದ ಮಾರ್ಗದರ್ಶಿ ಪುಟ: ಸೇರಿಸುವ ಮುನ್ನ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯಲ್ಲಿ 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು "ನಿನ್ನ ಸಾಧನೆ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಮಾಡಿದ ಒಂದು ತಪ್ಪಿದೆ, ಅದು ಈ ಶಾಲೆಗೆ ಸಂಬಂಧಪಟ್ಟದ್ದು. ಅದನ್ನೇ ಹೇಳುತ್ತೇನೆ. ಯಾಕೆಂದರೆ ಈ ಮಹೋತ್ಸವದ ಉತ್ಸಾಹದಲ್ಲಿ ನಾವೆಲ್ಲ ಸೇರಿ ಅದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡುವ ಹಾಗೆ ಕಾಣುತ್ತಿದೆ.

ಕೆಲವರಿಗೆ ಗೊತ್ತಿರಬಹುದು, ನಮ್ಮ ಶಾಲೆಯ ಗ್ರಂಥಾಲಯಕ್ಕೆ ಆನ್‌ಲೈನ್ ಮಾರ್ಗದರ್ಶಿ ಪುಟ ಒಂದಿದೆ. ಗೈಡ್ ಅಂದ ತಕ್ಷಣ ನಮಗೆ ನೆನಪಾಗುವುದು ಪರೀಕ್ಷೆಗೆ ಮುಂಚೆ ಅರಸೀಕೆರೆಗೆ ಹೋಗಿ ತರುತ್ತಿದ್ದ ದಪ್ಪ ಗೈಡು. ಇದು ಆ ಗೈಡಲ್ಲ. ಅದು ಉತ್ತರ ಕೊಡುತ್ತದೆ. ಇದು ಉತ್ತರ ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು ಅಂತ ತೋರಿಸುತ್ತದೆ. ಗ್ರಂಥಾಲಯಗಳಿಗೆ ಇದು ಹಳೆಯ ಪದ್ಧತಿ. ಅಮೆರಿಕದ ಎಂಐಟಿಯಲ್ಲಿ 1970ರ ಆಸುಪಾಸಿನಲ್ಲೇ ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ ಮಾಡಿ, ಅದಕ್ಕೆ 'ಪಾತ್‌ಫೈಂಡರ್' ಅಂತ ಹೆಸರಿಟ್ಟು ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. 2007ರಲ್ಲಿ ಲಿಬ್‌ಗೈಡ್ಸ್ ಎಂಬ ತಂತ್ರಾಂಶ ಬಂದ ಮೇಲೆ ಅದೇ ಹಾಳೆ ಜಾಲತಾಣಕ್ಕೆ ಬಂತು. ಈಗ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದು ಮಾಮೂಲು.

ಅಷ್ಟು ದೂರವೂ ಹೋಗಬೇಕಿಲ್ಲ. ನಾನು ಓದುವಾಗ ಸ್ಟಾಫ್ ರೂಮಿನ ಮೂಲೆಯ ಬೀರುವಿನ ಬಾಗಿಲ ಒಳಗೆ ನಮ್ಮ ಕನ್ನಡ ಮೇಷ್ಟ್ರು ಒಂದು ಹಾಳೆ ಅಂಟಿಸಿದ್ದರು. ಯಾವ ಪಾಠ ಮುಗಿದ ಮೇಲೆ ಯಾವ ಪುಸ್ತಕ ಕೇಳಬೇಕು, ಅದು ಯಾವ ಖಾನೆಯಲ್ಲಿದೆ, ಕಷ್ಟವೋ ಸುಲಭವೋ, ಒಂದೊಂದಕ್ಕೂ ಒಂದೊಂದು ಸಾಲು. ಎಲ್ಲ ಸೇರಿ ಹದಿನೈದು ಸಾಲೂ ಇರಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಓದಿದವರು ಯಾರೂ ಇರಲಿಲ್ಲ, ಕೇಳೋಣ ಅಂದರೆ ಆ ಹಾಳೆಯೇ ದಿಕ್ಕು. ಪುಟ ಮಾಡುವಾಗ ಅದು ನನ್ನ ನೆನಪಿಗೇ ಬರಲಿಲ್ಲ.

ನಾನು ಮಾಡಿದ್ದು ಏನು? ನಾಲ್ಕು ವರ್ಷದ ಹಿಂದೆ ಎರಡು ದಿನ ರಜೆ ಹಾಕಿ ಕೂತು, ಸಿಕ್ಕಿದ ಲಿಂಕನ್ನೆಲ್ಲ ಪುಟಕ್ಕೆ ಸುರಿದೆ. ಗಣಿತ, ವಿಜ್ಞಾನ, ಇತಿಹಾಸ ಅಂತ ವಿಂಗಡಿಸಿದೆ. ಒಟ್ಟು 140 ಲಿಂಕು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಕಳಿಸಿದೆ, ಎಲ್ಲರೂ ಹೂವು, ಚಪ್ಪಾಳೆ ಹಾಕಿದರು. ಆಮೇಲೆ ನಾನು ಆ ಕಡೆ ತಿರುಗಿ ನೋಡಲಿಲ್ಲ.

ಎರಡು ವರ್ಷದ ಹಿಂದೆ ಹಬ್ಬಕ್ಕೆ ಊರಿಗೆ ಬಂದಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಪ್ಪನ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಶಾಲೆಯಲ್ಲಿ 'ನಮ್ಮೂರ ಇತಿಹಾಸ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. "ಅಣ್ಣಾ, ಕೆರೆ ಏರಿ ಪಕ್ಕ ಇರೋ ನಮ್ಮೂರ ಕಲ್ಲು ಇದರಲ್ಲಿ ಎಲ್ಲೈತೆ?" ಅಂತ ಕೇಳಿದಳು. ನಾನು ಪುಟ ತೆರೆದೆ. 'ಇತಿಹಾಸ' ಅನ್ನುವ ತಲೆಬರಹದ ಕೆಳಗೆ 31 ಲಿಂಕು. ಮೊದಲನೆಯದು ತೆರೆಯಲಿಲ್ಲ. ಎರಡನೆಯದು ನೂರಾರು ಪುಟದ ಇಂಗ್ಲಿಷ್ ಪಿಡಿಎಫ್, ಅರ್ಧ ಇಳಿಯುವಷ್ಟರಲ್ಲಿ ಆ ದಿನದ ಡೇಟಾ ಮುಗಿಯಿತು. ಅವಳು ಆಗಲೇ ಒಮ್ಮೆ ಪ್ರಯತ್ನಪಟ್ಟು, ಆಗದೆ, ಬೇರೆಲ್ಲಿಂದಲೋ ಬೇಲೂರು ದೇವಸ್ಥಾನದ ಚರಿತ್ರೆಯನ್ನು ಇಳಿಸಿಕೊಂಡು ಮೇಲೆ ನಮ್ಮೂರ ಹೆಸರು ಬರೆದಿದ್ದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ನನಗೇ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ನಾಲ್ಕು ಭಾನುವಾರ ಆ ಒಂದೇ ವಿಷಯದ ಮೇಲೆ ಕೂತೆವು. 31 ಲಿಂಕು ತೆಗೆದು ಆರು ಉಳಿಸಿದೆವು. ತಲೆಬರಹವನ್ನು 'ಇತಿಹಾಸ' ಅಂತ ಇಡದೆ 'ನಮ್ಮೂರಿನ ಇತಿಹಾಸ ಬರೆಯಬೇಕು ಅಂದರೆ' ಅಂತ ಬದಲಿಸಿದೆವು. ಮಗುವಿನ ತಲೆಯಲ್ಲಿ ಇರುವುದು ಪ್ರಶ್ನೆ. ಅದು ಇತಿಹಾಸವೋ ಭೂಗೋಳವೋ ಶಾಸನಶಾಸ್ತ್ರವೋ ಅನ್ನುವುದು ನಮ್ಮ ತಲೆಬಿಸಿ, ಅದಕ್ಕಲ್ಲ.

ಆರರಲ್ಲಿ ಒಂದನ್ನು ವಿವರವಾಗಿ ಹೇಳುತ್ತೇನೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಹೆಸರು ಮೇಷ್ಟ್ರುಗಳಿಗೆಲ್ಲ ಗೊತ್ತು. ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿಸಿದ ಸಂಪುಟಗಳು. ಸ್ಕ್ಯಾನ್ ಮಾಡಿದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತವೆ. ಮೊದಲು ನಾನು 'ಎಪಿಗ್ರಾಫಿಯಾ ಕರ್ನಾಟಿಕಾ, ಇಲ್ಲಿ ಕ್ಲಿಕ್ ಮಾಡಿ' ಅಂತ ಹಾಕಿದ್ದೆ. ಅಷ್ಟರಿಂದ ಯಾರಿಗೂ ಏನೂ ಸಿಗುವುದಿಲ್ಲ. ಈಗ ಅಲ್ಲಿ ಹೀಗಿದೆ: ಹಾಸನ ಜಿಲ್ಲೆಯದು ಹಳೆಯ ಆವೃತ್ತಿಯ 5ನೇ ಸಂಪುಟ. ಪ್ರತಿ ತಾಲ್ಲೂಕಿಗೂ ಶಾಸನಗಳ ಸಂಖ್ಯೆ ಒಂದರಿಂದ ಶುರುವಾಗುತ್ತದೆ. ಅರಸೀಕೆರೆಯದ್ದನ್ನು ಇಂಗ್ಲಿಷಿನಲ್ಲಿ 'ಎಕೆ' ಅಂತ ಗುರುತಿಸಿದ್ದಾರೆ, ಚನ್ನರಾಯಪಟ್ಟಣದ್ದು 'ಸಿಎನ್'. ಮೊದಲು ಊರಿನ ಹೆಸರು ಹುಡುಕಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಅದೇ ಸಂಖ್ಯೆಯಿಂದ ಶಾಸನದ ಪಾಠವನ್ನೂ ಅನುವಾದವನ್ನೂ ಬೇರೆ ಬೇರೆ ಭಾಗಗಳಲ್ಲಿ ನೋಡಿ. ಊರಿನ ಹೆಸರಿನ ಸ್ಪೆಲಿಂಗ್ ಈಗಿನಂತೆ ಇರುವುದಿಲ್ಲ. ಇನ್ನೊಂದು ಎಚ್ಚರಿಕೆ, ಮೈಸೂರು ವಿಶ್ವವಿದ್ಯಾಲಯದವರು ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಲೆಕ್ಕವೇ ಬೇರೆ, ಅಲ್ಲಿ 5 ಅಂದರೆ ಮೈಸೂರು ಸೀಮೆಯದು, ಅರಸೀಕೆರೆ 10ರಲ್ಲಿ ಬರುತ್ತದೆ. ಹಾಗಾಗಿ ಯಾವ ಆವೃತ್ತಿ ನೋಡಿದಿರಿ ಅಂತ ಬರೆಯಲು ಮರೆಯಬೇಡಿ. ಫೈಲು ದೊಡ್ಡದು, ಶಾಲೆಯ ಕಂಪ್ಯೂಟರಿನಲ್ಲೇ ಇಳಿಸಿಕೊಳ್ಳಿ.

ಇಷ್ಟನ್ನು ಬರೆಯಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ಲಿಂಕ್ ಅಂಟಿಸಲು ಹಿಡಿದದ್ದು ಅರ್ಧ ನಿಮಿಷ. ಮಾರ್ಗದರ್ಶಿ ಅಂದರೆ ಆ ಭಾನುವಾರದ ಕೆಲಸವೇ ಹೊರತು ಆ ಅರ್ಧ ನಿಮಿಷದ್ದಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದರ ಬಗ್ಗೆ. ಅವರು 1962ರಲ್ಲಿ ಕಟ್ಟಿದ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ನಾನು ಎಷ್ಟೋ ಸಲ ಆ ರಸ್ತೆಯಲ್ಲಿ ಹೋಗಿದ್ದೇನೆ, ಏನೂ ತಿಳಿಯದೆ.

ಉಳಿದ ಐದನ್ನು ಬೇಗ ಹೇಳಿಬಿಡುತ್ತೇನೆ. 2011ರ ಜನಗಣತಿಯ ಹಾಸನ ಜಿಲ್ಲಾ ಕೈಪಿಡಿ, ಅದರಲ್ಲಿ ಊರೂರಿನ ಜನಸಂಖ್ಯೆ, ವಿಸ್ತೀರ್ಣ, ಶಾಲೆ, ನೀರಿನ ವಿವರ ಇದೆ. ಹಳೆಯ ಪದಗಳ ಅರ್ಥಕ್ಕೆ 'ಅಲರ್' ನಿಘಂಟು, ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷ ಪದಗಳದ್ದು, 2019ರಿಂದ ಎಲ್ಲರಿಗೂ ಮುಕ್ತ. ಜಿಲ್ಲಾ ಗೆಜೆಟಿಯರ್. ನಮ್ಮ ಗ್ರಂಥಾಲಯದಲ್ಲೇ ಇರುವ ಒಂದು ಪುಸ್ತಕ, ಎರಡನೇ ಬೀರು, ಮೇಲಿನ ಖಾನೆ. ಹೌದು, ಆನ್‌ಲೈನ್ ಪುಟದಲ್ಲಿ ಬೀರುವಿನ ಪುಸ್ತಕವೂ ಇರಬೇಕು. ಐದು ಹೆಜ್ಜೆ ದೂರದಲ್ಲಿ ಒಳ್ಳೆಯದು ಇರುವಾಗ ಮಗುವನ್ನು ಜಾಲಕ್ಕೆ ಅಟ್ಟುವುದು ಯಾವ ನ್ಯಾಯ? ಆರನೆಯದು ಲಿಂಕೇ ಅಲ್ಲ, ಊರಿನ ಹಿರಿಯರನ್ನು ಕೇಳಬೇಕಾದ ಎಂಟು ಪ್ರಶ್ನೆಗಳು.

ಆ ಹುಡುಗಿಗೆ ಕಲ್ಲು ಸಿಕ್ಕಿತೇ ಅಂತ ನೀವು ಕೇಳಬಹುದು. ಸಂಪುಟದಲ್ಲಿ ನಮ್ಮೂರ ಹೆಸರು ಸಿಕ್ಕಿತು. ಆದರೆ ಏರಿಯ ಪಕ್ಕದ ಕಲ್ಲಿನ ಅಕ್ಷರ ತುಂಬಾ ಸವೆದಿದೆ, ಅದೇ ಕಲ್ಲೋ ಬೇರೆಯದೋ ನಮಗೆ ಗೊತ್ತಾಗಲಿಲ್ಲ. ಅವಳು ಪ್ರಾಜೆಕ್ಟಿನಲ್ಲಿ ಅದನ್ನು ಹಾಗೇ ಬರೆದಳು. ಬೇಲೂರಿನ ಪುಟಗಳನ್ನು ತಾನೇ ಹರಿದಳು.

ಈಗ ಈ ಮಹೋತ್ಸವದ ವಿಷಯಕ್ಕೆ ಬರುತ್ತೇನೆ. ಕಳೆದ ಎರಡು ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳು ಪುಟಕ್ಕೆ ಸೇರಿಸಿ ಅಂತ ಕಳಿಸಿರುವುದು 200ಕ್ಕೂ ಹೆಚ್ಚು. ಪ್ರೀತಿಯಿಂದ ಕಳಿಸಿದ್ದೀರಿ, ದೊಡ್ಡ ಮನಸ್ಸು ಮಾಡಿ ನನ್ನ ಮಾತು ಕೇಳಿ. ನಾನು ಒಂದನ್ನೂ ಸೇರಿಸಿಲ್ಲ.

ಯಾಕೆ ಅಂದರೆ, ಹೆಚ್ಚಿನವು ಫಾರ್ವರ್ಡ್. ಕಳಿಸಿದವರೇ ತೆರೆದು ನೋಡಿಲ್ಲ. ಕೆಲವು ಚಿತ್ರಗಳು, ಅಂದರೆ ಹತ್ತು ವೆಬ್ ವಿಳಾಸಗಳನ್ನು ಬಣ್ಣಬಣ್ಣದ ಪೋಸ್ಟರ್ ಮಾಡಿ ಕಳಿಸಿದ್ದಾರೆ. ಚಿತ್ರದಲ್ಲಿರುವ ವಿಳಾಸವನ್ನು ಒತ್ತಿದರೆ ಏನೂ ತೆರೆಯುವುದಿಲ್ಲ, ಮಗು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ಅದಕ್ಕೂ ಚಿತ್ರದೊಳಗಿನ ಬರಹ ಸಾಮಾನ್ಯವಾಗಿ ದಕ್ಕುವುದಿಲ್ಲ. 'ಇಲ್ಲಿ ಕ್ಲಿಕ್ ಮಾಡಿ' ಅಂತ ಇಪ್ಪತ್ತು ಕಡೆ ಇದ್ದರೆ ಆ ಫೋನು ಇಪ್ಪತ್ತು ಸಲ ಅಷ್ಟನ್ನೇ ಹೇಳುತ್ತದೆ. ಲಿಂಕಿನ ಮೇಲೆ ಅದು ಏನು ಅನ್ನುವುದನ್ನೇ ಬರೆಯಬೇಕು.

ನಮ್ಮ ನಿವೃತ್ತ ಮೇಷ್ಟ್ರೊಬ್ಬರು ತಾವು ವರ್ಷಗಟ್ಟಲೆ ಟೈಪ್ ಮಾಡಿದ ಟಿಪ್ಪಣಿಗಳನ್ನು ಕೊಟ್ಟಿದ್ದಾರೆ, ನಿಜಕ್ಕೂ ಚಿನ್ನ. ಆದರೆ ಹಳೆಯ ನುಡಿ ಫಾಂಟಿನಲ್ಲಿವೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತಿದ್ದವು. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಯುನಿಕೋಡಿಗೆ ಬದಲಿಸುವ ತಂತ್ರಾಂಶ ಇದೆ, ಆದರೆ ಅಲ್ಲಲ್ಲಿ ಒತ್ತಕ್ಷರ ಕೆಡುತ್ತದೆ, ಒಬ್ಬರು ಕೂತು ಓದಿ ತಿದ್ದಲೇಬೇಕು. ಆ ಕೆಲಸಕ್ಕೆ ಕನ್ನಡ ಚೆನ್ನಾಗಿ ಬಲ್ಲವರು ಬೇಕು, ನನ್ನಂಥ ಎಂಜಿನಿಯರ್ ಸಾಲದು.

ಇನ್ನು ಪುಸ್ತಕಗಳ ಪಿಡಿಎಫ್. ಡಿವಿಜಿ, ಕುವೆಂಪು ಅವರ ಇಡೀ ಪುಸ್ತಕಗಳನ್ನೇ ಸ್ಕ್ಯಾನ್ ಮಾಡಿ ಕಳಿಸಿದ್ದೀರಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದು. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಕುವೆಂಪು 1994ರಲ್ಲಿ. ಲೆಕ್ಕ ನೀವೇ ಹಾಕಿ. ಸರ್ಕಾರಿ ಶಾಲೆಯ ಪುಟದಲ್ಲಿ ಅದನ್ನು ಇಡಲಾಗದು. ಆ ಪುಸ್ತಕವನ್ನು ಕೊಂಡು ಬೀರುವಿಗೆ ಕೊಡಿ, ಯಾವ ಖಾನೆ ಅಂತ ಪುಟದಲ್ಲಿ ಬರೆಯೋಣ.

ಕೊನೆಯ ತೊಂದರೆ ಎಲ್ಲಕ್ಕಿಂತ ದೊಡ್ಡದು. ಲಿಂಕುಗಳು ಸಾಯುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ನನ್ನ 140ರಲ್ಲಿ ಎರಡೇ ವರ್ಷಕ್ಕೆ 50ಕ್ಕೂ ಹೆಚ್ಚು ಹೋಗಿದ್ದವು. ಒಂದೇ ಲಿಂಕನ್ನು ನಾಲ್ಕು ಕಡೆ ಅಂಟಿಸಿದ್ದರಿಂದ ನಾಲ್ಕು ಕಡೆ ತಿದ್ದಬೇಕಾಯಿತು. ಆಫೀಸಿನಲ್ಲಿ ಹೊಸಬರು ಇಂಥದ್ದು ಮಾಡಿದರೆ ನಾನೇ ಬೈಯುತ್ತೇನೆ. ಈಗ ಎಲ್ಲವನ್ನೂ ಒಂದು ಗೂಗಲ್ ಶೀಟಿನಲ್ಲಿ ಒಂದೇ ಕಡೆ ಇಟ್ಟಿದ್ದೇನೆ. ಪುಟಗಳು ಅಲ್ಲಿಂದ ತೆಗೆದುಕೊಂಡು ತೋರಿಸುತ್ತವೆ, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಹೋಗುತ್ತದೆ. ಹೊಸದು ಸೇರಿಸುವಾಗಲೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಒಂದು ಪ್ರತಿ ಉಳಿಸುತ್ತೇನೆ.

ಆ ಶೀಟಿನಲ್ಲಿ ಪ್ರತಿ ಸಾಲಿಗೂ ಐದು ಅಂಕಣ ಇದೆ. ಯಾವ ತರಗತಿಯ ಯಾವ ಪ್ರಶ್ನೆಗೆ ಇದು ಬೇಕು, ಒಳಗೆ ಏನಿದೆ ಅಂತ ಕನ್ನಡದಲ್ಲಿ ಎರಡು ಸಾಲು, ಎಷ್ಟು ಎಂಬಿ, ಕೊನೆಯ ಸಲ ತೆರೆದು ನೋಡಿದ ತಾರೀಖು, ನೋಡಿದವರ ಹೆಸರು. ಐದೂ ತುಂಬದಿದ್ದರೆ ಸಾಲು ಪುಟಕ್ಕೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಶಾಲೆ ಶುರುವಾದಾಗ ಮತ್ತು ದಸರಾ ರಜೆಯಲ್ಲಿ, ಹೆಸರಿರುವವರು ತೆರೆದು ನೋಡಬೇಕು. ನೋಡದಿದ್ದರೆ ಅದು ತಾನಾಗಿ ಮರೆಯಾಗುತ್ತದೆ. ಒಂದು ವಿಷಯಕ್ಕೆ ಎಂಟಕ್ಕಿಂತ ಹೆಚ್ಚು ಬೇಡ ಅಂತ ಮಿತಿ ಹಾಕಿದ್ದೇನೆ. ಒಂಬತ್ತನೆಯದು ಸೇರಿಸಬೇಕಾದರೆ ಎಂಟರಲ್ಲಿ ಒಂದನ್ನು ತೆಗೆಯಬೇಕು. ಎಂಟೇ ಯಾಕೆ ಅಂತ ಕೇಳಬೇಡಿ, ಫೋನಿನ ಪರದೆಯನ್ನು ಎರಡು ಸಲ ಎಳೆಯುವಷ್ಟರಲ್ಲಿ ಮುಗಿಯಬೇಕು ಅನ್ನುವುದೊಂದೇ ಲೆಕ್ಕ.

ಇದು ಬಿಗಿ ಅನಿಸಬಹುದು. ದಾನ ಕೊಡಲು ಬಂದವರನ್ನು ಫಾರಂ ತುಂಬಿಸಿ ಕಳಿಸುತ್ತಾನಲ್ಲ ಅಂತ ನಿನ್ನೆ ಒಬ್ಬರು ನಕ್ಕರು. ಆದರೆ ಸಂಜೆ ಅಪ್ಪ ತೋಟದಿಂದ ಬಂದ ಮೇಲೆ ಅರ್ಧ ಗಂಟೆ ಮಾತ್ರ ಫೋನ್ ಸಿಗುವ ಮಗುವಿಗೆ ನಾವು ಕೊಡುವ ಪ್ರತಿ ಸತ್ತ ಲಿಂಕೂ ಆ ಅರ್ಧ ಗಂಟೆಯನ್ನು ತಿನ್ನುತ್ತದೆ. ಬೆಂಗಳೂರಿನಲ್ಲಿರುವ ನನ್ನ ಮಗನಿಗೆ ಕೇಳಲು ನಾವಿಬ್ಬರಿದ್ದೇವೆ, ಪುಟ ಕೆಟ್ಟರೆ ಅವನಿಗೇನೂ ನಷ್ಟವಿಲ್ಲ.

ಸದ್ಯ ತಯಾರಿರುವುದು ಮೂರು ವಿಷಯ ಮಾತ್ರ: ನಮ್ಮೂರಿನ ಇತಿಹಾಸ, ತೆಂಗಿನ ರೋಗಗಳು, ಎಸ್ಸೆಸ್ಸೆಲ್ಸಿ ಆದ ಮೇಲೆ ಏನು ಓದಬಹುದು. ಮೂರನೆಯದು ಪ್ರತಿ ವರ್ಷ ಬದಲಾಗುವುದರಿಂದ ಅದಕ್ಕೆ ಇಬ್ಬರು ಬೇಕು. ಗಣಿತದ್ದು ಇನ್ನೂ ನನ್ನ ಹಳೆಯ ರಾಶಿಯೇ, ಸೋಮವಾರ ಅದನ್ನು ತೆಗೆದು ಹಾಕುತ್ತೇನೆ. ಊಟದ ಪಂಕ್ತಿಯ ಪಕ್ಕದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಹಣ ಬರೆಯುವ ಪುಸ್ತಕವಲ್ಲ ಅದು. ನೀವು ಯಾವ ಒಂದು ಪ್ರಶ್ನೆಯನ್ನು ಎರಡು ವರ್ಷ ನೋಡಿಕೊಳ್ಳುತ್ತೀರಿ ಅಂತ ಬರೆದು, ಫೋನ್ ನಂಬರ್ ಹಾಕಿ. ಹಳೆಯ ನುಡಿ ಟಿಪ್ಪಣಿಗಳನ್ನು ಓದಿ ತಿದ್ದುವವರಿಗೆ ಬೇರೆ ಪುಟ ಇದೆ. ಕನ್ನಡ ಎಂ.ಎ. ಮಾಡಿದ ನಮ್ಮ ಸೀನಿಯರ್ ಅಕ್ಕಂದಿರು ಇಬ್ಬರು ಮೂರನೇ ಸಾಲಿನಲ್ಲಿ ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.